ಕೌದಿಯಲ್ಲಿ ಚುಚ್ಚಿಟ್ಟ ಸೂಜಿ

ಇದನ್ನು ಹೇಳುವುದಕ್ಕೆ ನಾನು ಯಾರು ಎಂದು ಯಾರಾದರೂ ಕೇಳಬಹುದು. ರಕ್ತದ ಕೋಶಗಳು ತಮ್ಮೊಳಗೆ ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದನ್ನು ನಾನು ಕಂಡಿಲ್ಲ, ಓದಿದ್ದು ಅಷ್ಟಿಷ್ಟು. ಕೌದಿ ಹೊಲಿಯುವ ಕೇರಿಯಲ್ಲಿ ಹುಟ್ಟಿದ್ದೂ ಇಲ್ಲ. ಲೀನಾ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ, ಅಷ್ಟೆ. ಬರೆಯಲೇ ಎಂದು ಕೇಳಿದಾಗ ಅವಳು, "ಬರೀರಿ. ಆದ್ರ ಓದಿದವ್ರು ಪಾಪ ಅನ್ನೂಹಂಗ ಬರೀಬ್ಯಾಡ್ರಿ," ಎಂದಳು. ಆ ಮಾತನ್ನು ಉಳಿಸಿಕೊಂಡಿದ್ದೇನೋ ಇಲ್ಲವೋ ಎಂಬ ಅಳುಕು ಇನ್ನೂ ಇದೆ. ಕ್ಷಮೆ ಇರಲಿ. ತಪ್ಪಿದ್ದಲ್ಲೆಲ್ಲ ತಪ್ಪು ನನ್ನದೆಂದು ತಿಳಿಯಬೇಕು.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ಬಸ್ಸಿನಲ್ಲಿ ಲೀನಾ ತೊಡೆಯ ಮೇಲೆ ಹಳೆಯ ಅರಿವೆಗಳ ಗಂಟು ಇಟ್ಟುಕೊಂಡು ಕೂತಿದ್ದಳು. ಗಂಡ ಜಾನುವಿನ ಎರಡು ಅಂಗಿ, ಮಗಳು ರೋಜಿ ಸಣ್ಣವಳಿದ್ದಾಗ ಹಾಕಿದ ಹಳದಿ ಫ್ರಾಕು, ತನ್ನವೇ ಮೂರು ಸೀರೆ. ಎಲ್ಲವೂ ತೊಳೆದು ತೊಳೆದು ಮೆತ್ತಗಾಗಿದ್ದವು, ಎಳೆಯ ಮೈಗೆ ಒತ್ತದಂಥವು. ರೋಜಿಗೆ ಗಂಡುಮಗು ಹುಟ್ಟಿ ಎರಡು ವಾರವಾಗಿತ್ತು. ಮಗುವಿಗೆ ಕೌದಿ ಹೊಲಿಯಲು ಇವತ್ತು ಅವಳ ಅತ್ತೆಯ ಮನೆಯ ಕಟ್ಟೆಯ ಮೇಲೆ ಹೆಂಗಸರು ಕೂರುತ್ತಾರೆ. ಬೆಳಿಗ್ಗೆ ಆ ಅತ್ತೆ, ಅನಾಬಾಯಿ, ಫೋನು ಮಾಡಿದ್ದಳು. "ಅರಿವಿ ಅಷ್ಟ ತಗೊಂಡ ಬರ್ರಿ ಬೀಗತ್ಯಾರ. ಹೊಲ್ಯಾಕ ನಾವ್ ಅದೇವಿ." ದನಿಯಲ್ಲಿ ಸಿಟ್ಟಿರಲಿಲ್ಲ, ಉಪಕಾರವಿತ್ತು. ಅದೇ ತಡೆಯಲಾಗಿರಲಿಲ್ಲ. ಸಿದ್ದಿ ಕೇರಿಗಳಲ್ಲಿ ಇಷ್ಟು ವರ್ಷ ಎಷ್ಟು ಕೂಸುಗಳ ಕೌದಿ ನೋಡಿದ್ದಾಳೆ. ತಾಯಿಯ ತಾಯಿಯ ಕೈ ಬೀಳದ ಒಂದನ್ನಾದರೂ ನೋಡಿದ್ದಾಳೆಯೇ? ಬದುಕಿದ್ದೂ, ಎರಡು ಕೈ ನೆಟ್ಟಗಿದ್ದೂ, ಕಟ್ಟೆಯ ತುದಿಯಲ್ಲಿ ಸುಮ್ಮನೆ ಕೂತು ನೋಡುವ ಅಜ್ಜಿ ಯಾರಾದರೂ ಇದ್ದಳೇ? ಫೋನಿನಲ್ಲಿ "ಹೂಂ" ಅಂದುಬಿಟ್ಟಿದ್ದಳು. ಆಮೇಲೆ ತನ್ನ ಸೂಜಿ, ದಾರದ ಉಂಡೆ, ಬೆರಳಿಗೆ ಹಾಕುವ ತಗಡಿನ ಟೊಪ್ಪಿಗೆ, ಮೂರನ್ನೂ ಹಳೆಯ ಮುಲಾಮಿನ ಡಬ್ಬಿಗೆ ಹಾಕಿ ಗಂಟಿನ ನಡುವೆ ತುರುಕಿದ್ದಳು. ಈಗ ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಡಬ್ಬಿ ಹೊಟ್ಟೆಗೆ ಒತ್ತುತ್ತಿತ್ತು. ಹೊಲಿಯುತ್ತೇನೆ, ಯಾರು ಏನೇ ಅನ್ನಲಿ ಹೊಲಿಯುತ್ತೇನೆ ಎಂದುಕೊಂಡಳು. ಮರುಗಳಿಗೆಯೇ, ಹಟ ಒಳ್ಳೆಯದೇ, ಕೂಸಿನ ವಿಷಯದಲ್ಲಿ ಹಟ ಮಾಡುವುದೇ ಎಂದು ತನ್ನೊಳಗಿನ ಇನ್ನೊಬ್ಬಳು ಕೇಳಿದಳು. ಆ ಇನ್ನೊಬ್ಬಳಿಗೆ ಅನಾಬಾಯಿಯ ಮುಖವೇ ಇತ್ತು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. "ನಮ್ಮಲ್ಲೇ ಇರ್ಲಿ, ಹಳಿಯಾಳದ ಆಸ್ಪತ್ರಿ ಸಮೀಪ ಆಕ್ಕೈತಿ," ಎಂದಿದ್ದಳು ಅನಾಬಾಯಿ. ದಾಂಡೇಲಿಯಲ್ಲೂ ಆಸ್ಪತ್ರೆಯಿದೆ ಎಂದು ಲೀನಾ ಹೇಳಲಿಲ್ಲ. ಹೇಳಬಾರದ್ದು ಏನೋ ಇಬ್ಬರ ನಡುವೆ ಆಗಲೇ ಬಂದು ಕೂತಿತ್ತು. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ರೋಜಿಗೆ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗಿತ್ತು. ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದರು. ಲೀನಾಳ ರಕ್ತದಲ್ಲೂ ಅದೇ. ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು ಎಂದು ಡಾಕ್ಟರು ಮೇಜಿನ ಕಡೆ ನೋಡುತ್ತ ಹೇಳಿದರು. ಹೊರಗೆ ಬಂದಾಗ ಬಿಸಿಲಿತ್ತು, ಯಾರೋ ಕಬ್ಬಿನ ಹಾಲು ಹಿಂಡಿಸುತ್ತಿದ್ದರು, ಅಳಿಯ ಅಂತೋನಿ ಟೆಂಪೋದ ಬಾಗಿಲು ತೆಗೆದು ನಿಂತಿದ್ದ. ರೋಜಿ ಹುಟ್ಟಿದ್ದು ಮನೆಯಲ್ಲಿ. ಹೊರಗೆ ಮಳೆ, ಒಳಗೆ ಒಲೆಯ ಹೊಗೆ, ಸೂಲಗಿತ್ತಿ ಮುದುಕಿ "ಕೂಗಬ್ಯಾಡ, ತುಟಿ ಕಚ್ಚು" ಎಂದಿದ್ದಳು. ತುಟಿ ಕಚ್ಚಿದ್ದಳು. ಆಸ್ಪತ್ರೆಗೆ ಹೋಗದೆಯೇ ಹೆತ್ತೆ ಎಂದು ಎಷ್ಟೋ ವರ್ಷ ಹೆಮ್ಮೆಪಟ್ಟಿದ್ದಳು. ಅದೇ ಗಳಿಗೆಯಲ್ಲಿ, ತಾನು ಹೆಮ್ಮೆಪಡಲು ಶುರುಮಾಡಿದ ಅದೇ ಗಳಿಗೆಯಲ್ಲಿ, ಮಗಳ ಮೈಗೆ ಅದನ್ನೂ ದಾಟಿಸಿದ್ದಳು. ಹಾಗಾದರೆ ತನಗೆ ಕೊಟ್ಟವರು ಯಾರು? ತನ್ನ ತಾಯಿಯೋ, ವಾರದ ಸಂತೆಗೆ ಬಂದು ಒಂದೇ ಗಾಜಿನ ಸಿರಿಂಜಿನಲ್ಲಿ ಊರಿಗೆಲ್ಲ ಚುಚ್ಚುತ್ತಿದ್ದ ಡಾಕ್ಟರನೋ? ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ, ಸಿಟ್ಟೆಲ್ಲ ಎದೆಯಲ್ಲೇ ಉಳಿದು, ಕೆಲವು ದಿನ ಊಟದ ರುಚಿ ಕೆಟ್ಟಿತ್ತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಕ್ಕವಳು ಉಮಾಶ್ರೀ, ಮುಂಡಗೋಡ ಕಡೆಯ ಇಂದೂರು ಎಂಬ ಹಳ್ಳಿಯ ಹುಡುಗಿ. ಡಾಕ್ಟರಲ್ಲ, ಸಂಶೋಧನೆ ಮಾಡುವವಳು. ಈ ವೈರಸ್ಸು ಮೈಯಲ್ಲಿದ್ದವರ ರಕ್ಷಣೆಯ ಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಕಳಿಸುತ್ತವೆ ಎಂಬುದು ಅವಳ ಅಧ್ಯಯನ. ರಕ್ತ ಕೊಡುತ್ತೀರಾ ಎಂದು ಕೇಳಿದಳು; ಒಲ್ಲೆ ಅನ್ನಬಹುದು ಎಂದೂ ಹೇಳಿದಳು. ಒಲ್ಲೆ ಅನ್ನಬಹುದು ಎಂದು ಲೀನಾಳಿಗೆ ಯಾರೂ ಅಷ್ಟು ಸ್ಪಷ್ಟವಾಗಿ ಹೇಳಿದ್ದು ನೆನಪಿರಲಿಲ್ಲ. ಅದಕ್ಕೇ ಹೂಂ ಅಂದಳು. ಕೈಗೆ ಹತ್ತಿ ಒತ್ತಿಕೊಂಡು ಕೂತಾಗ ಕೇಳಿದಳು: "ಈಗ ನನ್ನ ರಕ್ತದಾಗ ಏನ್ ನೋಡ್ತೀರಿ ಬಾಯಾರ?"

"ಅಕ್ಕಾ, ವೈರಸ್ ಕಂಡ ಕೋಶ ಒಂದು ಸಂಕೇತ ಕಳಸ್ತೈತಿ. ಬರ್ರಿ, ಇಲ್ಲೈತಿ ಅಂತ. ಅದನ್ನ ಕೇಳಿ ಹೊಡದಾಡೂ ಕೋಶ ಬರಬೇಕು. ನಿಮ್ಮಲ್ಲಿ ಕರಿಯೂ ದನಿ ಸಣ್ಣದಾಗೈತಿ. ಕೇಳೂ ಕೋಶಗಳೂ ತಮ್ಮ ಮೈಮ್ಯಾಲೆ ಬ್ರೇಕ್ ಇದ್ದಂಗ ಒಂದು ಪ್ರೋಟೀನು ಹೆಚ್ಚು ಮಾಡಕೊಂಡು ಸುಮ್ಮನ ಕುಂತಾವ. ದಣದಾವ ಅಂತೀವಿ ನಾವು."

"ದಣದಾವ ಅಂತ ಯಾರಿಗೆ ಗೊತ್ತು?" ಎಂದಳು ಲೀನಾ. "ಸಿಟ್ಟಾಗಿ ಕುಂತಿದ್ರ?"

ಉಮಾಶ್ರೀ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಅದೂ ಗೊತ್ತಿಲ್ರಿ ಅಕ್ಕಾ. ಪುಸ್ತಕದಾಗ ದಣದಾವ ಅಂತ ಐತಿ."

ತೀರ ಎಳೆಯದರಲ್ಲಿ ಬಂದರೆ ಹೀಗಾಗುತ್ತದೆಯಂತೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ಮೈ ಇನ್ನೂ ಕಲಿಯುತ್ತಿರುವಾಗಲೇ ಅದು ಒಳಗಿರುತ್ತದೆ. ಮನೆಯವರೇ ಇರಬೇಕೆಂದು ಮೈ ಸುಮ್ಮನಾಗುತ್ತದೆ. ಎಲ್ಲ ಕೋಶಗಳೂ ಒಮ್ಮೆಗೆ ಎದ್ದು ಹೊಡೆದಾಡಿದರೂ ಕಷ್ಟವೇ, ಸುಡುವುದು ವೈರಸ್ಸಲ್ಲ, ನಿಮ್ಮದೇ ಲಿವರು ಎಂದಳು ಉಮಾಶ್ರೀ. ಜಾನುವಿನ ರಕ್ತದಲ್ಲಿ ಬೇರೆಯೇ ಕಥೆ. ಅದು ಯಾವಾಗಲೋ ಬಂದಿತ್ತು. ಅವನ ಕೋಶಗಳು ಕರೆ ಕೇಳಿ, ಎದ್ದು, ಹೊಡೆದಾಡಿ, ಹೊರಗಟ್ಟಿದ್ದವು. ಬಂದು ಹೋದ ಗುರುತು ಮಾತ್ರ ಉಳಿದಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಕ್ಯಾಸಲ್‌ರಾಕ್‌ನಲ್ಲಿ ಹಳಿ ದುರಸ್ತಿಯ ಕೆಲಸದಲ್ಲಿ ಕೆಲಸ ಮಾಡಿಸುವ ಮುಕಾದಮನ ಎದುರು ತಲೆ ಎತ್ತದವನು, ರಜೆ ಕೇಳಲು ನಾಚುವವನು, ಅವನ ಮೈ ಯುದ್ಧ ಮಾಡಿ ಗೆದ್ದಿತ್ತು! ನಾಲಿಗೆ ಚೂಪಾದ ತನ್ನ ಮೈ ತೆಪ್ಪಗೆ ಕೂತಿತ್ತು. ಇದನ್ನು ಅವನಿಗೆ ಹೇಳಿದಾಗ ಜಾನು, "ಹಂಗಾರ ಮುಕಾದಮಗ ಹೇಳಬೇಕಾತಲ್ಲ," ಎಂದಿದ್ದ. ಅವತ್ತು ಇಬ್ಬರೂ ನಕ್ಕಿದ್ದರು. ನಗುವಿನ ಕೊನೆಗೆ ಅವಳಿಗೆ ಅಳು ಬಂದಿತ್ತು. ಅವನು ನೋಡಿಯೂ ನೋಡದಂತೆ ಎದ್ದು ಹೋಗಿ ಕೋಳಿಗಳನ್ನು ಗೂಡಿಗೆ ಸೇರಿಸಿದ್ದ.

ಕಾಡು ಕಳೆದು ಬಯಲು ಬಂತು. ಮುಂದಿನ ಸೀಟಿನಲ್ಲಿ ಪ್ರವಾಸಿ ಹುಡುಗಿಯೊಬ್ಬಳು ತಿರುಗಿ ಅವಳ ಕೂದಲನ್ನು ನೋಡಿದಳು, ಮತ್ತೆ ತಿರುಗಿದಳು. ಆಫ್ರಿಕಾ ಮೂಲದ ಸಿದ್ದಿಯರನ್ನು ಎಲ್ಲರೂ ಕೇಳುವಂತೆ, ಯಾವ ದೇಶದವರು ಎಂದು ಕೇಳುತ್ತಾಳೆ ಈಗ. ಲೀನಾ ಬೇಕೆಂದೇ ಗಟ್ಟಿಯಾಗಿ ಕಂಡಕ್ಟರನಿಗೆ, "ಏ ತಮ್ಮಾ, ಹಳಿಯಾಳ ಸ್ಟ್ಯಾಂಡಿನ್ಯಾಗ ಎಷ್ಟೊತ್ತು ನಿಂದರತೈತಿ?" ಎಂದು ಕೇಳಿದಳು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿದಳು. ನದಿಯ ದಂಡೆಯ ರಿಸಾರ್ಟಿನಲ್ಲಿ ಲೀನಾಳದು ಅಡುಗೆಮನೆಯ ಕೆಲಸವಾಗಿತ್ತು. ಕಾಯಿಲೆಯ ವಿಷಯವನ್ನು ಅವಳೇ ಮ್ಯಾನೇಜರ್ ಉದಯಕುಮಾರನಿಗೆ ಹೇಳಿದಳು, ಮುಚ್ಚಿಟ್ಟರೆ ಕಳ್ಳತನವಾಗುತ್ತದೆಂದು. ಅವನು ಕೈ ಮುಗಿದು, "ನಿಮ್ಮ ಪ್ರಾಮಾಣಿಕತೆ ದೊಡ್ಡದು," ಎಂದ. ಮರುದಿನದಿಂದ ಹಾಸಿಗೆಯ ಚಾದರ ತೊಳೆಯುವ ಕೆಲಸಕ್ಕೆ ಹಾಕಿದ. ಊಟದಿಂದ ಹರಡುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ, "ನನಗೆ ಗೊತ್ತು ಲೀನಾ, ಆದರೆ ಗೆಸ್ಟುಗಳಿಗೆ ಗೊತ್ತಿಲ್ಲವಲ್ಲ," ಎಂದ. ಗೆಸ್ಟುಗಳಿಗೆ ಇವಳ ರಕ್ತದ ಸುದ್ದಿ ಯಾರು ಹೇಳುತ್ತಿದ್ದರು? ಆ ಪ್ರಶ್ನೆ ಕೇಳಬೇಕಿತ್ತು. ಚಾದರ ಹಿಂಡುವಾಗ ಎಷ್ಟೋ ಸಲ ಕೇಳಿದ್ದಾಳೆ, ಚಾದರವನ್ನು.

ಹಳಿಯಾಳಕ್ಕಿಂತ ಈಚೆಯೇ ಇಳಿದು ಕೇರಿಗೆ ನಡೆದು ಬಂದಾಗ, ಮನೆಯ ಮುಂದಿನ ಕಟ್ಟೆಯಲ್ಲಿ ಅನಾಬಾಯಿಯೂ ಪಕ್ಕದ ಮನೆಯ ರುಬಿನಾಳೂ ಆಗಲೇ ಕೂತಿದ್ದರು. ನಡುವೆ ಹಾಸಿದ ಹಳೆಯ ಸೀರೆಯ ತಳ, ಅದರ ಮೇಲೆ ತುಂಡು ಅರಿವೆಗಳು ಅಂಚಿನಿಂದ ನಡುವಿನ ಕಡೆಗೆ ಹೊಲಿಗೆಯಾಗುತ್ತ ಬರುತ್ತಿದ್ದವು. ಒಳಗೆ ರೋಜಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಬಾಗಿಲಿನಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು. ಅಂತೋನಿ ಹಿತ್ತಲಲ್ಲಿ ಟೆಂಪೋ ತೊಳೆಯುತ್ತಿದ್ದ.

"ಬರ್ರಿ ಬೀಗತ್ಯಾರ, ನೆರಳಿನ್ಯಾಗ ಕುಂದರ್ರಿ," ಎಂದು ಅನಾಬಾಯಿ ಗಂಟು ಬಿಚ್ಚಿದಳು. ಹಳದಿ ಫ್ರಾಕನ್ನು ಎತ್ತಿ ಮೂಸಿ ನೋಡಿದಳು, ಸೋಪಿನ ವಾಸನೆ ಸಿಕ್ಕಿ ಸಮಾಧಾನವಾದಂತೆ ಕಂಡಿತು. ಡಬ್ಬಿ ಉರುಳಿ ಹೊರಬಂತು. ಲೀನಾ ಅದನ್ನು ತೆಗೆದುಕೊಂಡು, ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ, ಕೌದಿಯ ಖಾಲಿ ಅಂಚಿನ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಹೊರಟಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುವುದು ರೂಢಿ. ಇವತ್ತು ಬೆರಳಲ್ಲೇ ಹೊಸೆದಳು, ಅವರು ನೋಡುತ್ತಿದ್ದಾರೆಂದು.

"ನಿಮಗ ಫೋನಿನ್ಯಾಗ ಹೇಳಿದ್ನೆಲ್ರಿ," ಎಂದಳು ಅನಾಬಾಯಿ.

"ಹೇಳಿದ್ರಿ. ಕೇಳಿದೆ. ಬಂದೆ."

"ತಪ್ಪು ತಿಳ್ಕೋಬ್ಯಾಡ್ರಿ. ಎಳೀ ಕೂಸು. ನನಗೇನ್ ನಿಮ್ಮ ಮ್ಯಾಲ ದ್ವೇಷ ಐತೇನು?"

"ಆ ಕೂಸು ಈಗ ಏನ್ ಮಾಡಾಕತ್ತೈತ್ರಿ ಒಳಗ?" ಎಂದಳು ಲೀನಾ. ದನಿ ತಾನೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ರೋಜಿಯ ಹಾಲು ಕುಡ್ಯಾಕತ್ತೈತಿ. ಹುಟ್ಟಿದ ದಿನಾನ ಎರಡು ಇಂಜೆಕ್ಷನ್ ಕೊಟ್ಟಾರ, ಹಾಲು ಕುಡಸ್ರಿ ಅಂತ ಡಾಕ್ಟರೇ ಹೇಳ್ಯಾರ. ರೋಜಿಗಿದ್ದದ್ದೂ ನನಗಿದ್ದದ್ದೂ ಒಂದs. ಆಕಿ ಹಾಲಿನ್ಯಾಗ ಹೋಗದ್ದು ನನ್ನ ದಾರದಾಗ ಹೋಗತೈತೇನ್ರಿ?"

"ರೋಜಿದು ಬ್ಯಾರೆ. ಆಕಿ ಪಾಪ, ಆಕಿಗೆ ಬಂದದ್ದು—" ಅನಾಬಾಯಿ ಮಾತು ನುಂಗಿದಳು.

"ನನ್ನಿಂದ. ಹೇಳ್ರಿ, ಬಾಯಿ ಸುಡೂದಿಲ್ಲ."

ಒಳಗಿನ ಪಾದ ಅಲ್ಲಾಡಲಿಲ್ಲ. ರುಬಿನಾ ಹಲ್ಲಿನಿಂದ ದಾರ ಕಡಿದು, "ಅನಾಕ್ಕಾ, ಹೊಲೀಲಿ ಬಿಡು. ಇವತ್ತಿಗೆ ಕೌದಿ ಮುಗೀಬೇಕೋ ಬ್ಯಾಡೋ? ನೀವಿಬ್ರೂ ಜಗಳಾ ಮಾಡಿದ್ರ ಕೂಸು ಲಗ್ನದ ಟೈಮಿಗೆ ಹೊದ್ದಕೋತೈತಿ," ಎಂದಳು.

"ಆಕಿ ತನ್ನ ಸೂಜಿ ತಂದಾಳ ನೋಡು. ಅಂದ್ರ ಆಕಿಗೂ ಗೊತ್ತೈತಿ," ಎಂದಳು ಅನಾಬಾಯಿ, ಲೀನಾ ಅಲ್ಲಿ ಇಲ್ಲವೇನೋ ಎಂಬಂತೆ.

"ಗೊತ್ತೈತಿ. ರಕ್ತದಾಗಿಂದ ಹೋಗತೈತಿ. ಅದಕ್ಕ ನನ್ನ ಸೂಜಿ ನನಗ. ನೀವು ಇಂಜೆಕ್ಷನ್ ತಗೋರಿ ಅಂತ ನರ್ಸ್ ಮನಿಗೇ ಬಂದು ಹೇಳಿದ್ರು. ಅಂತೋನಿ ತಗೊಂಡ. ನೀವು ತಗೊಂಡ್ರೇನು?"

"ಈ ವಯಸ್ಸಿನ್ಯಾಗ ನನಗ್ಯಾತಕ್ಕದು?"

"ಹಂಗಾರ ಹೆದರಿಕಿನೂ ಯಾತಕ್ಕ? ಎರಡ್ರಾಗ ಒಂದು ಮಾಡ್ರಿ."

ರುಬಿನಾ ಸೆರಗು ಬಾಯಿಗಿಟ್ಟು ನಕ್ಕಳು. ಅನಾಬಾಯಿ ತನ್ನ ಅಂಚಿಗೆ ತಿರುಗಿದಳು. ಅದನ್ನು ಒಪ್ಪಿಗೆ ಎಂದುಕೊಳ್ಳಬೇಕೋ ಅವಮಾನ ಎಂದುಕೊಳ್ಳಬೇಕೋ ತಿಳಿಯದೆ ಲೀನಾ ಮೊದಲ ಹೊಲಿಗೆ ಹಾಕಿದಳು. ತನ್ನ ನೀಲಿ ಸೀರೆಯ ತುಂಡು, ಅದರ ಪಕ್ಕ ಜಾನುವಿನ ಚೌಕಳಿ ಅಂಗಿ. ಸಣ್ಣ ಸಣ್ಣ ಓಟದ ಹೊಲಿಗೆ, ಅಂಚಿನಿಂದ ಅಂಚಿಗೆ. ಕೈ ತಾನಾಗಿ ಹಾದಿ ಹಿಡಿಯಿತು. ಗೆದ್ದೆ ಎನ್ನಿಸಬೇಕಿತ್ತು; ಬದಲಿಗೆ ತಾನು ಕೂಗಿದ್ದು ಕಿವಿಯಲ್ಲಿ ಉಳಿದು ನಾಚಿಕೆಯಾಯಿತು. ಮಗಳು ಒಳಗಿದ್ದಾಳೆ, ಸಂಜೆ ತಾನು ಬಸ್ಸು ಹತ್ತುತ್ತೇನೆ, ಈ ಕೂಗಿನ ಜೊತೆ ಅವಳು ಇರಬೇಕು. ಕರೆಯುವ ದನಿ ಸಣ್ಣದಾಗಿದೆ ಎಂದಿದ್ದಳು ಉಮಾಶ್ರೀ. ಬಾಯಿಯ ದನಿ ಇಷ್ಟು ದೊಡ್ಡದಿದ್ದು ಒಳಗಿನದು ಸಣ್ಣದಾದರೆ ಯಾರನ್ನು ದೂರಬೇಕು? ಸುಮ್ಮನಿರುವುದು ಸೋಲೆಂದು ಪುಸ್ತಕ ಬರೆದವರಿಗೆ ಯಾರು ಹೇಳಿದರು? ನಲವತ್ತು ವರ್ಷ ಆ ಕೋಶಗಳು ಸುಮ್ಮನಿದ್ದುದಕ್ಕೇ ತನ್ನ ಲಿವರು ಉಳಿದಿದೆ, ತಾನು ಮೂಟೆ ಹೊತ್ತಿದ್ದೇನೆ, ಹೆತ್ತಿದ್ದೇನೆ, ಕುಣಿದಿದ್ದೇನೆ. ಅವು ದಣಿದಿದ್ದರೆ ದಣಿಯಲಿ. ನಾನು ದಣಿದಿಲ್ಲ. ಹಾಗೆಂದುಕೊಂಡ ರಭಸಕ್ಕೆ ಸೂಜಿ ದಪ್ಪ ಮಡಿಕೆಯೊಳಗೆ ಜಾರಿ ಎಡಗೈಯ ಹೆಬ್ಬೆರಳಿಗೆ ಚುಚ್ಚಿತು. ಟೊಪ್ಪಿಗೆ ಬಲಗೈಯಲ್ಲಿತ್ತು. ರಕ್ತ ಕಾಣಲಿಲ್ಲ. ಒತ್ತಿ ನೋಡಿದಳು, ಕಂಡಿತೋ, ಚರ್ಮದ ಕೆಂಪೋ. ಸೂಜಿಯನ್ನು ಸೆರಗಿಗೆ ಒರೆಸಿದಳು. ಬಟ್ಟೆಯ ಮೇಲೆ ಏನೂ ಇರಲಿಲ್ಲ. ಯಾರೂ ನೋಡಿರಲಿಲ್ಲ.

"ಆಯೀ," ಎಂದು ಒಳಗಿನಿಂದ ರೋಜಿ ಕರೆದಳು. "ಬಾ, ಎತ್ತಕೋ. ಎಚ್ಚರಾಗ್ಯಾನ."

ಆ ಕರೆಯಲ್ಲಿ ಏನಿತ್ತೋ, ಲೀನಾ ಎದ್ದು ಹೋದಳು. ಎದ್ದು ಹೋಗುವಾಗ ಅವಳ ಕೈ, ಅವಳ ತಾಯಿಯ ಕೈ ಮಾಡುತ್ತಿದ್ದಂತೆ, ಕೇರಿಯ ಎಲ್ಲ ಕೈಗಳೂ ಮಾಡುವಂತೆ, ಸೂಜಿಯನ್ನು ಹೊಲಿಗೆ ನಿಂತಲ್ಲೇ ಕೌದಿಯಲ್ಲಿ ಚುಚ್ಚಿಟ್ಟಿತು. ಎದ್ದವಳು ಸೂಜಿ ಒಯ್ಯುವುದಿಲ್ಲ. ಅದು ಅಲ್ಲೇ ನಿಂತಿರುತ್ತದೆ. ಹಾದು ಹೋಗುವ ಯಾರಾದರೂ ಕೂತು ಒಂದು ಗೇಣು ಹೊಲಿದು ಹೋಗಲಿ ಎಂದು. ಹಾಗಲ್ಲದೆ ಕೌದಿ ಮುಗಿಯುವುದೇ ಇಲ್ಲ. ಡಬ್ಬಿ ಕಟ್ಟೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು.

ಮಗು ಬಿಸಿಯಾಗಿತ್ತು. ತಲೆಯ ಮೇಲೆ ತನ್ನದೇ ಗುಂಗುರು, ಒದ್ದೆ ಒದ್ದೆ. "ಭಾಳ ಕೂಗಿದಿ," ಎಂದಳು ರೋಜಿ, ಮುಖ ತಗ್ಗಿಸಿ. "ಹೌದು," ಎಂದಳು ಲೀನಾ. "ಕೂಗು," ಎಂದಳು ರೋಜಿ, "ನನಗ ಕೂಗಾಕ ಆಗೂದಿಲ್ಲ." ಲೀನಾ ಮಗಳ ಮುಖ ನೋಡಿದಳು. ಏನೋ ಕೇಳಬೇಕೆಂದು ಎಷ್ಟು ತಿಂಗಳಿಂದ ಇತ್ತು, ನನ್ನ ಮೇಲೆ ಸಿಟ್ಟಿದೆಯೇ ಎಂಬಂಥದ್ದು. ಕೇಳುವಷ್ಟರಲ್ಲಿ ಹೊರಗೆ ಅನಾಬಾಯಿಯ ದನಿ ಕೇಳಿಸಿತು. "ಬೀಗತ್ಯಾರ, ನಿಮ್ಮ ಸಾಲು ಅರ್ಧಕ್ಕ ನಿಂತೈತಿ. ತಡ್ರಿ, ನಾ ಮುಗಸ್ತೇನಿ." ಬೆಳಗಿನಿಂದ ಮೊದಲ ಸಲ ಆ ದನಿಯಲ್ಲಿ ಉಪಕಾರವಿರಲಿಲ್ಲ. ಮೆತ್ತಗಿನ, ಸುಮ್ಮನೆ ಆಡಿದ ಮಾತು. ಅದು ಮನಸ್ಸಿಗೆ ತಲುಪಿ, ಹಿತವಾಗಿ, ಆಮೇಲೆ, ಆಮೇಲಷ್ಟೇ, ಅರ್ಥವಾಯಿತು. "ಮುಟ್ಟಬ್ಯಾಡ್ರಿ!" ಎಂದು ಕೂಗುತ್ತ ಮಗುವನ್ನು ರೋಜಿಯ ತೊಡೆಗೆ ಹಾಕಿ ಹೊರಗೆ ಓಡಿದಳು. ಬೇರೆಯವರ ಬಾಯಿಂದ ಕೇಳಿ ಕೇಳಿ ಸುಟ್ಟ ಮಾತು ತನ್ನ ಬಾಯಿಂದಲೇ ಬಂದಿತ್ತು.

ಅನಾಬಾಯಿ ಕೂಗಿಗೆ ಬೆಚ್ಚಿದಳು. ಬೆಚ್ಚಿದ್ದಕ್ಕೇ ಚುಚ್ಚಿತೋ, ಮೊದಲೇ ಚುಚ್ಚಿತ್ತೋ. ತೋರುಬೆರಳಿನ ತುದಿಯಲ್ಲಿ ಕೆಂಪು ಗುಂಡು ನಿಂತಿತ್ತು.

"ನೋಡ್ದಿ? ಸೂಜಿಗೂ ಬೀಗತಿ ಯಾರು ಅಂತ ಗೊತ್ತಾತು," ಎಂದು ರುಬಿನಾ ನಕ್ಕಳು.

"ಎಷ್ಟ್ ಕೂಗ್ತೀರಿ," ಎಂದಳು ಅನಾಬಾಯಿ, ಬೆರಳು ಚೀಪುತ್ತ. "ನಿಮ್ಮ ಸಾಲು ನೀವs ಹೊಲೀರಿ ತಗೋರಿ. ನಾ ಏನೋ..." ಮುಖ ಸಣ್ಣದಾಗಿತ್ತು. ನೊಂದುಕೊಂಡಿದ್ದಳು.

ಸುಮ್ಮನಿರಬಹುದಿತ್ತು. ಹೆಬ್ಬೆರಳಿಗೆ ಚುಚ್ಚಿದ್ದು ಲೀನಾಳಿಗೆ ಮಾತ್ರ ಗೊತ್ತು. ರಕ್ತವಂತೂ ಕಂಡಿರಲಿಲ್ಲ, ಒರೆಸಿಯೂ ಇದ್ದಳು. ಹೇಳಿದರೆ ಕಟ್ಟೆಯ ಮೇಲೆ ತಾನು ಆಡಿದ್ದೆಲ್ಲ ಮಣ್ಣಾಗುತ್ತದೆ. ಇಡೀ ಕೇರಿ ವರ್ಷಗಟ್ಟಲೆ ಹೇಳುತ್ತದೆ, ಬೇಡವೆಂದರೂ ಕೂತಳು, ಚುಚ್ಚಿದಳು ಎಂದು. ರೋಜಿಯ ತಟ್ಟೆ ನಾಳೆ ಬೇರೆಯಾಗುತ್ತದೆ. ಹೇಳದಿದ್ದರೆ ಅನಾಬಾಯಿ ಚಹಾ ಮಾಡುತ್ತಾಳೆ, ಸಂಜೆಯೊಳಗೆ ಕೌದಿ ಮುಗಿಯುತ್ತದೆ, ತನ್ನ ಹೊಲಿಗೆಯೂ ಅದರಲ್ಲಿರುತ್ತದೆ, ಬೇಕಾದದ್ದೂ ಅದೇ ಅಲ್ಲವೇ? ಮೈಯೊಳಗೆ ಏನನ್ನೋ ಕಂಡ ಕೋಶ ಕರೆಯದೆ ಸುಮ್ಮನಾಗುವ ಗಳಿಗೆ ಹೀಗೇ ಇರುತ್ತದೆಯೋ ಏನೋ. ಅದಕ್ಕೂ ಹೀಗೇ, ಕೂಗಿದರೆ ಸುಡುವುದು ನನ್ನದೇ ಮನೆ ಎನ್ನಿಸುತ್ತದೆಯೋ ಏನೋ. ಅನಾಬಾಯಿ ಚೀಪಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಸೂಜಿಗೆ ಕೈ ಹಾಕಿದಳು.

"ಬಿಡ್ರಿ ಅದನ್ನ. ನನ್ನ ಸೂಜಿ ಅದು," ಎಂದಳು ಲೀನಾ. "ಈಗ ಸ್ವಲ್ಪ ಹೊತ್ತಿನ ಹಿಂದ ನನಗೂ ಚುಚ್ಚೈತಿ. ಅದs ಸೂಜಿ."

ರುಬಿನಾಳ ನಗು ಅರ್ಧಕ್ಕೆ ನಿಂತಿತು. ಅನಾಬಾಯಿ ತನ್ನ ಬೆರಳನ್ನು ಯಾರದೋ ಬೆರಳಿನಂತೆ ನೋಡಿಕೊಂಡಳು. "ಇದಕ್ಕ ಅಂದಿದ್ದೆ ನಾನು," ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ, "ಇದಕ್ಕ ಬ್ಯಾಡ ಅಂದಿದ್ದೆ! ಹಟಮಾರಿ ಹೆಂಗಸು! ನನ್ನ ಮನಿಗೆ ಬಂದು—"

"ಹೌದು. ನೀವು ಅಂದಿದ್ದು ಖರೇ ಆತು. ಸೂಜಿ ಬಿಟ್ಟು ಎದ್ದದ್ದು ನನ್ನ ತಪ್ಪು. ಬೈಯೂದಿದ್ರ ಟೆಂಪೋದಾಗ ಕುಂತು ಬೈರಿ. ಮೊದಲ ಸಾಬಣಿ ಹಚ್ಚಿ ಕೈ ತೊಳೀರಿ. ಅಂತೋನೀ! ಗಾಡಿ ತಗಿಯಪ್ಪಾ, ಹಳಿಯಾಳಕ್ಕ ಹೋಗೂಣು. ನಿನ್ನ ತಾಯಿಗೆ ಇವತ್ತs ಇಂಜೆಕ್ಷನ್ ಆಗಬೇಕು."

ದಾರಿಯುದ್ದಕ್ಕೂ ಅನಾಬಾಯಿ ಬೈದಳು. ಮೊದಲು ಲೀನಾಳನ್ನು, ಆಮೇಲೆ ಈ ಸಂಬಂಧ ತಂದವರನ್ನು, ಆಮೇಲೆ ರಸ್ತೆಯ ಗುಂಡಿಗಳನ್ನು. ಬೈಗುಳದ ನಡುವೆ ಒಮ್ಮೆ ಸಣ್ಣ ದನಿಯಲ್ಲಿ, "ಇದು ಬಂದ್ರ ಎಷ್ಟು ದಿನ ಇರ್ತಾರ?" ಎಂದು ಕೇಳಿದಳು. "ನಾ ಇದ್ದೇನಲ್ರಿ," ಎಂದಳು ಲೀನಾ. "ದೊಡ್ಡವರಿಗೆ ಬಂದ್ರ ಮೈ ತಾನs ಹೊಡದು ಹಾಕೂದು ಹೆಚ್ಚು. ಜಾನು ಹೊಡದು ಹಾಕ್ಯಾನ." "ಜಾನಪ್ಪನೇ?" ಎಂದಳು ಅನಾಬಾಯಿ ನಂಬದೆ. ಅಂತೋನಿ ಕನ್ನಡಿಯಲ್ಲಿ ನೋಡಿ ಬೇಗನೆ ಕಣ್ಣು ತೆಗೆದ.

ಆಸ್ಪತ್ರೆಯ ಸಾಲಿನಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ನರ್ಸಮ್ಮ ತಲೆಯೆತ್ತದೆ ಕೇಳಿದಳು: "ಏನಾತ್ರಿ?"

"ಸೂಜಿ ಚುಚ್ಚೈತ್ರಿ, ಕೌದಿ ಹೊಲಿಯೂ ಮುಂದ," ಎಂದಳು ಅನಾಬಾಯಿ.

"ಯಾರ ಸೂಜಿ?"

ಅನಾಬಾಯಿ ಹಿಂದೆ ಮುಂದೆ ನೋಡಿದಳು. ಪರಿಚಯದವರಿದ್ದರು. "ಮನೀದs ರೀ. ನಮ್ಮನಿ ಸೂಜಿ."

ಸುಮ್ಮನಿರು ಎಂದು ಅವಳು ಕಣ್ಣಲ್ಲೇ ಹೇಳಿದ್ದನ್ನು ಲೀನಾ ಕಂಡಳು. ಮರ್ಯಾದೆ ಕಾಯುವ ಕಣ್ಣು, ಯಾರ ಮರ್ಯಾದೆಯೋ. "ಅಲ್ರಿ," ಎಂದಳು ಲೀನಾ, ಸಾಲಿನ ಕೊನೆಯವರಿಗೂ ಕೇಳುವಂತೆ. "ನನ್ನ ಸೂಜಿ. ನನಗ ಹೆಪಟೈಟಿಸ್ ಬಿ ಐತಿ. ಸಣ್ಣಾಕಿ ಇದ್ದಾಗಿಂದ ಐತಿ. ಇವ್ರು ಲಸಿಕಿ ತಗೊಂಡಿಲ್ಲ. ಏನೇನ್ ಕೊಡಬೇಕೋ ಎಲ್ಲಾ ಕೊಡ್ರಿ."

ಹಿಂದೆ ನಿಂತವರು ಒಂದು ಹೆಜ್ಜೆ ಸರಿದರು. ಹೆಗಲಿಗೆ ತಾಗಿದ್ದ ಯಾರದೋ ಚೀಲ ತಾಗದಂತಾಯಿತು. ಲೀನಾ ಸರಿಯಲಿಲ್ಲ. ಖಾಲಿಯಾದ ಜಾಗದಲ್ಲಿ ಕಾಲು ಅಗಲ ಮಾಡಿ, ಆರಾಮಾಗಿ ನಿಂತಳು. ನರ್ಸಮ್ಮ ಆಗ ತಲೆಯೆತ್ತಿ ಅವಳನ್ನು ನೋಡಿದಳು. "ಹೇಳಿದ್ದು ಚಲೋ ಆತು," ಎಂದು, ಮೊದಲು ಅನಾಬಾಯಿಯ ರಕ್ತ ತೆಗೆದು, ಎರಡು ತೋಳಿಗೆ ಎರಡು ಇಂಜೆಕ್ಷನ್ ಕೊಟ್ಟಳು. ಉಳಿದವನ್ನು ಯಾವಾಗ ತಗೋಬೇಕು ಎಂದು ಎರಡೆರಡು ಸಲ ಹೇಳಿದಳು. ಅನಾಬಾಯಿ ಎರಡೂ ತೋಳು ಹಿಡಿದುಕೊಂಡು ಹೊರಗೆ ಬಂದು, "ಜಡ್ಡಿನ ಹೆಸರು ಸಾಲಿಗೆಲ್ಲಾ ಕೂಗಿ ಹೇಳಬೇಕಿತ್ತೇನು?" ಎಂದಳು. "ಬೇಕಿತ್ತು," ಎಂದಳು ಲೀನಾ.

ಮನೆಗೆ ಬಂದಾಗ ರುಬಿನಾ ತಳದ ಸೀರೆಯ ಮುಕ್ಕಾಲು ಮುಗಿಸಿದ್ದಳು. ಲೀನಾಳ ಸೂಜಿ ನಿಂತಲ್ಲೇ ನಿಂತಿತ್ತು, ಯಾರೂ ಮುಟ್ಟಿರಲಿಲ್ಲ. ಅನಾಬಾಯಿ ಕಟ್ಟೆ ಹತ್ತಿ, ಎರಡು ತೋಳೂ ಎತ್ತಲಾಗದೆ ಗೋಡೆಗೆ ಒರಗಿದಳು. ಲೀನಾ ಬೆರಳಿಗೆ ಟೊಪ್ಪಿಗೆ ಹಾಕಿ, ಸೂಜಿ ಎತ್ತಿ, ಯಾರನ್ನೂ ಕೇಳದೆ, ತನ್ನ ಸಾಲನ್ನು ನಿಂತಲ್ಲಿಂದ ಮುಂದುವರಿಸಿದಳು. ಅನಾಬಾಯಿಗೆ ಚುಚ್ಚಿದ ಜಾಗದ ತುಂಡನ್ನು ಬಿಚ್ಚಿ ತೆಗೆದಳು, ಬೇರೆ ತುಂಡು ಹಾಕಿದಳು. ಕೊನೆಗೆ ಉಳಿದದ್ದು ನಾಲ್ಕು ಮೂಲೆಯ ಫುಲಾ. ಮಡಿಚಿ ಮಡಿಚಿ ಮಾಡುವ ಸಣ್ಣ ಮುಕ್ಕೋಣ. ಅವಿಲ್ಲದಿದ್ದರೆ ಕೌದಿ ಬತ್ತಲೆ ಅನ್ನುತ್ತಾರೆ. ಮೂರನ್ನು ರುಬಿನಾ ಹಚ್ಚಿದಳು. ನಾಲ್ಕನೆಯದಕ್ಕೆ ಲೀನಾ ಹಳದಿ ಫ್ರಾಕಿನ ತುಂಡು ಎತ್ತಿಕೊಂಡಾಗ ರುಬಿನಾ ಅನಾಬಾಯಿಯ ಕಡೆ ನೋಡಿದಳು.

"ನನ್ನೇನ್ ನೋಡ್ತಿ?" ಎಂದಳು ಅನಾಬಾಯಿ, ಕಣ್ಣು ಮುಚ್ಚಿಕೊಂಡೇ. "ಬ್ಯಾಡ ಅಂದ್ರ ಕೇಳೂ ಪೈಕಿ ಐತೇನದು?"

ಲೀನಾ ಹೊಲಿದಳು. ಮುಗಿಸಿ ಏಳುವಾಗ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಪಿದಳು.

ಇಷ್ಟು ನನಗೆ ಗೊತ್ತಿರುವುದು. ಆ ಕೌದಿಯನ್ನು ಮಗುವಿಗೆ ಹೊದಿಸುತ್ತಾರೆ, ಅದನ್ನು ರೋಜಿ ಹೇಳಿದ್ದಾಳೆ. ಮಗುವಿನ ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ. ಅನಾಬಾಯಿ ಎರಡನೆಯ ಇಂಜೆಕ್ಷನ್ ತೆಗೆದುಕೊಂಡಿದ್ದಾಳೆ. ಅವಳಿಗೆ ಅಂಟಿದೆಯೋ ಇಲ್ಲವೋ ಹೇಳಲು ಇದು ಸಮಯವಲ್ಲವಂತೆ. ಸೂಜಿಯ ಮೊನೆಯ ಮೇಲೆ ಏನಾದರೂ ಇತ್ತೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಜಾನುವಿನ ಮೈಯಲ್ಲಿ ಕರೆಗೆ ಓಗೊಟ್ಟದ್ದು ಲೀನಾಳ ಮೈಯಲ್ಲಿ ಯಾಕೆ ಓಗೊಡಲಿಲ್ಲ, ಎಳೆತನ ಒಂದೇ ಕಾರಣವೇ ಎಂದು ಉಮಾಶ್ರೀಯನ್ನು ಕೇಳಿದರೆ ಅವಳು ಪೂರ್ತಿ ಗೊತ್ತಿಲ್ಲ ಎನ್ನುತ್ತಾಳೆ. ಇನ್ನೊಂದು ಸಂಗತಿಯನ್ನು ನಾನು ಲೀನಾಳನ್ನೇ ಕೇಳಿದೆ: ಅವತ್ತು ಅನಾಬಾಯಿ ನಿಮ್ಮ ಸೂಜಿಯನ್ನು ಎತ್ತಿದ್ದು ರೂಢಿಯಿಂದಲೋ, ಮನಸ್ಸು ಕರಗಿ ಬೇಕೆಂದೋ? ಲೀನಾ ತಾನು ಕೇಳಿಲ್ಲ ಎಂದಳು. ಕೇಳಿದ್ದರೂ ಅನಾಬಾಯಿಗೆ ಗೊತ್ತಿರುತ್ತಿತ್ತೋ ಇಲ್ಲವೋ, ನನಗೆ ತಿಳಿಯದು.